ಕೌದಿಯ ಹೊಟ್ಟೆಗೆ ಒಂದು ತುಂಡು ರೊಟ್ಟಿ

ಕಂಪ್ಲಿ, ಹೊರಡುವ ಮುಂಚೆ

ನ್ಯೂಜಿಲೆಂಡಿಗೆ ಹೋಗಿಬಂದೆ ಎಂದು ಗೊತ್ತಾದವರೆಲ್ಲ ಮೊದಲು ಕೇಳುವುದು ಹಿಮದ ಬೆಟ್ಟಗಳ ಬಗ್ಗೆ. ನಾನು ಬೆಟ್ಟ ನೋಡಲಿಲ್ಲ. ಸಮುದ್ರವನ್ನು ಬಸ್ಸಿನ ಕಿಟಕಿಯಿಂದ ಒಂದು ಸಲ ನೋಡಿದೆ, ಅದೂ ಅಕ್ಕ ಮೊಣಕೈಯಿಂದ ತಿವಿದು ಎಬ್ಬಿಸಿದ್ದಕ್ಕೆ. ಅಲ್ಲಿದ್ದ ಅಷ್ಟೂ ದಿನ ನಾನು ಕಣ್ತುಂಬ ನೋಡಿದ್ದು ತಗಡಿನ ಮಾಡಿನ ಒಂದು ಸಭಾಂಗಣ, ಅದರೊಳಗೆ ಇಪ್ಪತ್ತು ಹೆಂಗಸರು, ಮತ್ತು ಸೂಜಿಯ ಕಣ್ಣು.

ಸೂಜಿಯ ಕಣ್ಣಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಕಂಪ್ಲಿಯಲ್ಲಿ ನನ್ನ ಅಕ್ಕ ಗಂಗವ್ವನ ಪಡಸಾಲೆಯಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಒಂಬತ್ತು ಹೆಂಗಸರು ಸೇರಿ ಕೌದಿ ಹೊಲಿಯುತ್ತಾರೆ. ಎಮ್ಮಿಗನೂರಿನಿಂದ ಇಬ್ಬರು ಬರುತ್ತಾರೆ, ಮೆಟ್ರಿಯಿಂದ ಮೂವರು, ಉಳಿದವರು ಊರಿನವರೇ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಸಾಲಾಗಿ ಸಣ್ಣ ಹೊಲಿಗೆ ಹಾಕಿಕೊಂಡು ಹೋದರೆ ಕೌದಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವ ಕೂಲಿ ಹೆಣ್ಣುಮಕ್ಕಳ ಕೂಸುಗಳಿಗೆ ಅವನ್ನು ಪುಕ್ಕಟೆ ಕೊಡುವುದು ಈ ಸಂಘದ ಕೆಲಸ. ಒಂಬತ್ತು ಜನಕ್ಕೂ ಹೊಲಿಗೆ ಕಣ್ಣು ಮುಚ್ಚಿಕೊಂಡು ಬರುತ್ತದೆ, ಆದರೆ ಸೂಜಿಗೆ ದಾರ ಪೋಣಿಸಲು ಯಾರಿಗೂ ಕಣ್ಣು ಕಾಣುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾಗಿ, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ದಿನವೇ ಅಕ್ಕ ನನ್ನನ್ನು ಪಡಸಾಲೆಗೆ ಕರೆದು ಕೂರಿಸಿದಳು. "ಹೊಸ ಕಣ್ಣು ಹಾಕ್ಕಂಡು ಬಂದೀ. ಸುಮ್ನ ಪೇಪರ್ ಓದಿ ಹಾಳು ಮಾಡ್ಕೋಬ್ಯಾಡ, ದಾರ ಏರ್ಸು" ಅಂದಳು. ಅಂದಿನಿಂದ ನಾನು ಸಂಘದ ಏಕೈಕ ಗಂಡಸು, ದಾರ ಏರಿಸುವವನು.

ಇನ್ನು ರೊಟ್ಟಿಯ ವಿಷಯ. ನಮ್ಮ ಮನೆಯ ಪದ್ಧತಿಯಲ್ಲಿ ಕೌದಿಯ ಮೂರು ಮೂಲೆ ಮುಗಿಸಿ ನಾಲ್ಕನೆಯದನ್ನು ತೆರೆದೇ ಬಿಡುತ್ತಾರೆ. ಅದರೊಳಗೆ ಜೋಳದ ಖಡಕ್ ರೊಟ್ಟಿಯ ಒಂದು ತುಂಡು ಇಟ್ಟು ಹೊಲಿದು ಮುಚ್ಚುತ್ತಾರೆ. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹೊಟ್ಟೆ ತುಂಬಿದ ಕೌದಿಯ ಮೇಲೆ ಮಲಗಿದ ಕೂಸಿಗೆ ಮುಂದೆ ಊಟಕ್ಕೆ ಕೊರತೆ ಬರುವುದಿಲ್ಲವಂತೆ. ಹಸಿದ ಕೌದಿಯ ಮೇಲೆ ಮಲಗಿದ ಕೂಸಿಗೆ ಎಷ್ಟು ತಿಂದರೂ ಸಾಲುವುದಿಲ್ಲವಂತೆ. ಯಾರಾದರೂ ನಕ್ಕರೆ ಅಕ್ಕ ಸಾಕ್ಷಿಗೆ ನನ್ನನ್ನು ತೋರಿಸುತ್ತಾಳೆ. ನಾನು ಹುಟ್ಟಿದಾಗ ಹೊಲಿದ ಕೌದಿಗೆ ರೊಟ್ಟಿ ಇಡುವುದನ್ನು ಅವ್ವ ಮರೆತಿದ್ದಳೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅರವತ್ತೆರಡು ವರ್ಷದಿಂದ ನಾನು ತಿನ್ನುತ್ತಲೇ ಇದ್ದೇನೆ, ಮೈಗೆ ಮಾತ್ರ ಹತ್ತಿಲ್ಲ.

ನ್ಯೂಜಿಲೆಂಡಿನ ಶೆರಿಲ್ ಎಂಬ ಹೆಂಗಸು ಹಂಪಿ ನೋಡಲು ಬಂದು ಕಮಲಾಪುರದ ಒಂದು ಮನೆಯಲ್ಲಿ ಉಳಿದಿದ್ದಳು. ಆ ಮನೆಯ ಮಂಚದ ಮೇಲೆ ಅಕ್ಕ ಹೊಲಿದ ಕೌದಿಯಿತ್ತು. ಶೆರಿಲ್ ಮರುದಿನ ವಿಠ್ಠಲ ದೇವಸ್ಥಾನಕ್ಕೂ ಹೋಗದೆ, ಆಟೋ ಮಾಡಿಸಿಕೊಂಡು ಕಂಪ್ಲಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತಳು. ಹಂಪಿಗೆ ಬಂದು ಕಲ್ಲಿನ ರಥ ನೋಡದೆ ಹೋದ ಪ್ರವಾಸಿ ಅವಳೊಬ್ಬಳೇ ಇರಬೇಕು. ಅವರೂರಿನಲ್ಲಿಯೂ ಹೀಗೇ ಒಂದು ಹೊಲಿಗೆ ಸಂಘವಿದೆ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಅವರು ಹೊದಿಕೆ ಹೊಲಿದು ಕೊಡುತ್ತಾರೆ ಎಂದು ಫೋಟೋ ತೋರಿಸಿದಳು. ಎಂಟು ತಿಂಗಳ ನಂತರ, ನೀವಿಬ್ಬರೂ ಒಂದು ಕೌದಿ ತೆಗೆದುಕೊಂಡು ಬನ್ನಿ, ನಮ್ಮ ಆಸ್ಪತ್ರೆಯ ಒಂದು ಕೂಸಿಗೆ ಕೊಡೋಣ ಎಂದು ಕಾಗದ ಬಂತು. ಟಿಕೆಟ್ಟೂ ಅವರದೇ.

ಪಾಸ್‌ಪೋರ್ಟ್ ಕಚೇರಿಯಲ್ಲಿ ಅಕ್ಕನ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಬೆರಳಿನ ಗೆರೆಯೇ ಮಾಸಿತ್ತು. ಆರನೆಯ ಸಲ ಒತ್ತಿಸಿದಾಗ ಅಕ್ಕ ಅಲ್ಲಿದ್ದ ಹುಡುಗಿಗೆ, "ಯವ್ವಾ, ಈ ಬಟ್ಟು ಖರ್ಚಾಗೇತಿ, ಬ್ಯಾರೆ ಬಟ್ಟು ತಗೋ" ಅಂದಳು.

ಒಂಬತ್ತು ಹೆಂಗಸರೂ ತಮ್ಮ ತಮ್ಮ ಬಟ್ಟೆಯ ಒಂದೊಂದು ತುಂಡು ಕೊಟ್ಟು ಆ ಕೌದಿ ಹೊಲಿದರು. ಒಬ್ಬಳು ಮದುವೆಯ ಸೀರೆಯ ಸೆರಗು ಕೊಟ್ಟಳು. ಇನ್ನೊಬ್ಬಳು ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುತ್ತಿದ್ದ ಗಂಡನ ಅಂಗಿ ಕೊಟ್ಟಳು. ಎಷ್ಟು ಒಗೆದರೂ ಅದರ ಕೆಂಪು ಹೋಗಿರಲಿಲ್ಲ. ಎಲ್ಲರದೂ ಒಂದೇ ಬೇಡಿಕೆ: ಪರದೇಶದ ಕೂಸು ಅದರ ಮೇಲೆ ಮಲಗಿದ ಫೋಟೋ ಬೇಕು. ನನ್ನ ಹೆಂಡತಿ ಹೊಸಪೇಟೆಗೆ ಮಗಳ ಬಾಣಂತನಕ್ಕೆ ಹೋಗಿದ್ದಳು, ಹೀಗಾಗಿ ನನ್ನನ್ನು ತಡೆಯುವವರೂ ಇರಲಿಲ್ಲ.

ಆಕ್ಲೆಂಡ್, ನಾಯಿ ಕೂತದ್ದು

ವಿಮಾನದಲ್ಲಿ ಒಂದು ಚೀಟಿ ಕೊಟ್ಟರು. ತಿನ್ನುವ ಪದಾರ್ಥವೇನಾದರೂ ತಂದಿದ್ದೀರಾ, ಮಣ್ಣು ತಂದಿದ್ದೀರಾ ಎಂಬ ಪ್ರಶ್ನೆಗಳಿದ್ದವು. ಇಡೀ ಜೀವನ ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ ಎಂದು ಹೇಳಿದವನು ನಾನು. ಎರಡು ಸಲ ಓದಿ, ಶೇಂಗಾ ಚಟ್ನಿಪುಡಿ, ಅರ್ಧ ಕಿಲೋ ಎಂದು ದುಂಡಗೆ ಬರೆದೆ. ನನ್ನ ಪ್ರಾಮಾಣಿಕತೆಯನ್ನು ನಾನೇ ಮೆಚ್ಚಿಕೊಂಡೆ.

ಸಾಮಾನು ತೆಗೆದುಕೊಂಡು ಹೊರಡುವಾಗ ಹಸಿರು ಅಂಗಿ ತೊಟ್ಟ ಒಂದು ಸಣ್ಣ ನಾಯಿ ಬಂದು, ಅಕ್ಕನ ಚೀಲ ಮೂಸಿ, ಅದರ ಪಕ್ಕದಲ್ಲಿ ಅಚ್ಚುಕಟ್ಟಾಗಿ ಕೂತುಬಿಟ್ಟಿತು. ಅಕ್ಕನಿಗೆ ಖುಷಿಯಾಯಿತು. "ನೋಡಲೇ ಈರ್ಯಾ, ಎಷ್ಟು ಮರ್ಯಾದಿ ಐತಿ ಇದಕ್ಕ" ಅಂದಳು. ಅದು ಕೂತಿತೆಂದರೆ ನಾವು ಸಿಕ್ಕಿಬಿದ್ದೆವೆಂದು ಅರ್ಥ ಎಂದು ನನಗೆ ತಿಳಿದದ್ದು ಅಧಿಕಾರಿ ನಮ್ಮನ್ನು ಪಕ್ಕದ ಮೇಜಿಗೆ ಕರೆದುಕೊಂಡು ಹೋದ ಮೇಲೆ.

ಅಧಿಕಾರಿ ಕೌದಿಯನ್ನು ಬಿಚ್ಚಿ ಹರಡಿದ. ನಾಲ್ಕನೆಯ ಮೂಲೆಯನ್ನು ಒತ್ತಿ ನೋಡಿದ. ಕರುಂ ಎಂದಿತು.

"ಇದರೊಳಗೆ ಏನಿದೆ?" ಎಂದು ಕೇಳಿದ.

"ರೊಟ್ಟಿ" ಎಂದೆ.

"ಆದರೆ ನೀವು ಚಟ್ನಿಪುಡಿ ಮಾತ್ರ ಬರೆದಿದ್ದೀರಿ."

"ಇದು ತಿನ್ನುವ ಪದಾರ್ಥವಲ್ಲ. ಇದನ್ನು ನಾವು ತಿನ್ನುವುದಿಲ್ಲ."

"ಮತ್ತೆ ಯಾರು ತಿನ್ನುತ್ತಾರೆ?"

"ಕೌದಿ" ಎಂದೆ.

ಅವನು ನನ್ನ ಪಾಸ್‌ಪೋರ್ಟನ್ನು ಮತ್ತೊಮ್ಮೆ ನೋಡಿದ. ನಾನು ಸುಳ್ಳು ಹೇಳಿರಲಿಲ್ಲ. ಕೌದಿಯೊಳಗೆ ಸೇರಿದ ರೊಟ್ಟಿ ಬಟ್ಟೆಯಂತೆ, ದಾರದಂತೆ, ಕೌದಿಯ ಒಂದು ಭಾಗ. ಬುತ್ತಿಯಲ್ಲಿದ್ದರೆ ಮಾತ್ರ ಅದು ಊಟ. ಕಂಪ್ಲಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಾಗ ಮಾತ್ರ ಹುಚ್ಚರ ಮಾತಿನಂತೆ ಕೇಳಿಸಿತು. ಅಷ್ಟರಲ್ಲಿ ಅವನ ಕಣ್ಣಿಗೆ ಸಂಡೂರಿನ ಅಂಗಿಯ ಕೆಂಪು ತುಂಡು ಬಿತ್ತು. "ಇದು ಮಣ್ಣೇ?" ಎಂದ. ಅದು ಮಣ್ಣಲ್ಲ, ಬಣ್ಣವಾಗಿ ಹೋದ ಮಣ್ಣು ಎಂದು ವಿವರಿಸಲು ಇನ್ನೊಂದು ಕಾಲು ತಾಸು ಹಿಡಿಯಿತು.

ಒಳ್ಳೆಯ ಮನುಷ್ಯ, ಎಚ್ಚರಿಕೆ ಹೇಳಿ ಬಿಟ್ಟ. ಆದರೆ ರೊಟ್ಟಿ ದೇಶದೊಳಗೆ ಹೋಗುವಂತಿಲ್ಲ. ಅವನು ಕತ್ತರಿ ಎತ್ತಿಕೊಂಡ ಕೂಡಲೇ ಅಕ್ಕ ಅವನ ಕೈ ಹಿಡಿದಳು. ತಾನೇ ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಡಿಸಿ, ರೊಟ್ಟಿಯ ತುಂಡನ್ನು ಹೊರತೆಗೆದು, "ಹಿಡದಿದ್ದು ಆ ನಾಯಿ. ಅದಕ್ಕ ಹಾಕಂತ ಹೇಳಲೇ" ಅಂದಳು. ಹೇಳಿದೆ. ಅದಕ್ಕೂ ಅನುಮತಿಯಿಲ್ಲವೆಂದು ಅವನು ರೊಟ್ಟಿಯನ್ನು ಚೀಲಕ್ಕೆ ಹಾಕಿ ಮೊಹರು ಹಚ್ಚಿದ. "ಎಂಥಾ ದೇಶಕ್ಕ ಕರ್ಕಂಡು ಬಂದೆಲೇ, ನಾಯಿಗೂ ರೊಟ್ಟಿ ಹಾಕಂಗಿಲ್ಲ" ಎಂದು ಅಕ್ಕ ಹೊರಗೆ ಬರುವವರೆಗೆ ಗೊಣಗಿದಳು.

ಸೋಮವಾರ, ಸಭಾಂಗಣ

ಆಕ್ಲೆಂಡಿನಿಂದ ಬಸ್ಸಿನಲ್ಲಿ ಮೂರು ತಾಸು ಹೋದರೆ ಶೆರಿಲ್‌ಳ ಊರು. ಊರಿನ ಹೆಸರು ಬರೆಯಬೇಡಿ ಎಂದು ಆ ಹೆಂಗಸರು ಕೇಳಿಕೊಂಡಿದ್ದಾರೆ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಧನ್ಯವಾದ ಹೇಳಿ ಇಳಿಯುತ್ತಾರೆ. ಅಂಗಡಿಗೆ ಜನ ಬರಿಗಾಲಲ್ಲಿ ಬರುತ್ತಾರೆ, ಆ ಚಳಿಯಲ್ಲಿ. ಅಕ್ಕನಿಗೆ ಇದು ಬಹಳ ಹಿಡಿಸಿತು. ತಾನೂ ಚಪ್ಪಲಿ ಬಿಟ್ಟಳು, ಐದು ನಿಮಿಷದಲ್ಲಿ ಮತ್ತೆ ಹಾಕಿಕೊಂಡಳು. ಆ ದೇಶದಲ್ಲಿ ಹಾವೇ ಇಲ್ಲವೆಂದು ಶೆರಿಲ್ ಹೇಳಿದ್ದನ್ನು ಮಾತ್ರ ಕೊನೆಯವರೆಗೂ ನಂಬಲಿಲ್ಲ. ಹುಲ್ಲಿಗೆ ಕಾಲಿಡುವ ಮೊದಲು ಪ್ರತಿ ಸಲವೂ ಧಪ್ ಧಪ್ ಎಂದು ನೆಲಕ್ಕೆ ಬಡಿಯುತ್ತಿದ್ದಳು.

ಸಂಘದ ಅಧ್ಯಕ್ಷೆಯ ಹೆಸರು ಡಾರತಿ. ಎಪ್ಪತ್ತೆಂಟು ವರ್ಷ, ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಬೆನ್ನು ನೆಟ್ಟಗೆ, ಕೊರಳಲ್ಲಿ ಅಳತೆ ಪಟ್ಟಿ, ಕೈಯಲ್ಲಿ ಗಂಟೆ. ನಾನು ಕೆಲಸ ಮಾಡಿದ ಯಾವ ಹೆಡ್‌ಮಾಸ್ಟರಿಗೂ ಆ ಗತ್ತು ಇರಲಿಲ್ಲ. ಅವಳು ಗಂಟೆ ಬಾರಿಸಿದರೆ ಹೊಲಿಗೆ ಶುರು, ಮತ್ತೆ ಬಾರಿಸಿದರೆ ಚಹಾ. ದಿನದ ಕೊನೆಗೆ ಸೂಜಿಗಳನ್ನು ಎಣಿಸುತ್ತಾಳೆ. ಆಸ್ಪತ್ರೆಗೆ ಹೋಗುವ ಪ್ರತಿ ಹೊದಿಕೆಯ ಮೇಲೂ ಅಯಸ್ಕಾಂತ ಆಡಿಸಿ, ಸೂಜಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಿಸಿನೀರಿನಲ್ಲಿ ಎರಡು ಸಲ ಒಗೆಸುತ್ತಾಳೆ. ಅಕ್ಕ ಅವಳಿಗೆ ಮೊದಲ ದಿನವೇ ಡಾರತೆವ್ವ ಎಂದು ಹೆಸರಿಟ್ಟಳು.

ಇಪ್ಪತ್ತು ಜನ ಸಾಲಾಗಿ ನಿಂತು ಕೌದಿ ಸ್ವೀಕರಿಸಲು ಕಾಯುತ್ತಿದ್ದರು. ಅಕ್ಕ ಚೀಲ ಮಡಿಲಲ್ಲಿಟ್ಟುಕೊಂಡು ಕದಲಲಿಲ್ಲ.

"ಹಸದಿದ್ದು ಹೆಂಗ ಕೊಡ್ಲಿ? ಮೊದ್ಲು ಒಂದು ತುಂಡು ರೊಟ್ಟಿ ಮಾಡಾಕ ಒಲಿ ತೋರಸ್ರಿ ಅನ್ನು" ಅಂದಳು.

ನಾನು ಎಲ್ಲವನ್ನೂ ವಿವರಿಸಿದೆ. ಡಾರತಿ ಗಂಭೀರವಾಗಿ ಕೇಳಿಸಿಕೊಂಡು, ಒಗೆದರೆ ರೊಟ್ಟಿ ಅಂಬಲಿಯಾಗುತ್ತದೆ, ಒಗೆಯದಿದ್ದರೆ ಇಲಿ ಬರುತ್ತದೆ, ಯಾವುದಾದರೂ ಸರಿ, ಆಸ್ಪತ್ರೆಯ ಕೂಸಿನ ಹತ್ತಿರ ಅದು ಹೋಗುವಂತಿಲ್ಲ ಎಂದಳು. ಶುಕ್ರವಾರ ಹೊದಿಕೆಗಳನ್ನು ಆಸ್ಪತ್ರೆಗೆ ಕೊಡುವ ದಿನ. ಮೂಲೆ ಸುಮ್ಮನೆ ಹೊಲಿದು ಕೊಟ್ಟರೆ ಕೌದಿಯೂ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

ಅಕ್ಕ ಹೇಳಿದಳು: "ನಲವತ್ತು ವರ್ಷದಾಗ ಒಂದು ಕೂಸಿಗೂ ಹಸದ ಕೌದಿ ಕೊಟ್ಟಿಲ್ಲ. ಹಂಗ ಕೊಡಾದಾದ್ರ ವಾಪಸ್ ಒಯ್ತೀನಿ. ಪರದೇಶದ ಕೂಸಾದ್ರೇನು, ಹೊಟ್ಟಿ ಇರಂಗಿಲ್ಲೇನು ಅದಕ್ಕ?"

ಕೌದಿ ವಾಪಸು ತಂದರೆ ಆ ಒಂಬತ್ತು ಜನಕ್ಕೆ ಯಾವ ಮುಖ ತೋರಿಸುವುದೆಂದು ನನಗೆ ಸಂಕಟವಾಯಿತು. ಅಷ್ಟರಲ್ಲಿ ಚಹಾದ ಗಂಟೆಯಾಯಿತು. ಸಂಕಟದಲ್ಲಿಯೇ ಮೂರು ಕೇಕು ತಿಂದೆ.

ಮಂಗಳವಾರ, ಬುಧವಾರ

ಎರಡು ದಿನ ಕೌದಿ ಮೂಲೆ ತೆರೆದುಕೊಂಡು ಕುರ್ಚಿಯ ಮೇಲೆ ಕೂತಿತ್ತು. ಡಾರತಿ ಅದರ ಈಚೆ, ಅಕ್ಕ ಅದರ ಆಚೆ. ಇಬ್ಬರೂ ಪರಸ್ಪರ ಬಹಳ ಮರ್ಯಾದೆಯಿಂದ ನಡೆದುಕೊಂಡರು, ಇಬ್ಬರೂ ಒಂದಿಂಚು ಸರಿಯಲಿಲ್ಲ.

ಈ ಮಧ್ಯೆ ಹೊಲಿಗೆ ನಡೆದಿತ್ತು. ಅಲ್ಲಿಯ ಹೆಂಗಸರು ಅಂಗಡಿಯಿಂದ ಹೊಸ ಬಟ್ಟೆ ತರುತ್ತಾರೆ. ಅದನ್ನು ಇಸ್ತ್ರಿ ಮಾಡಿ, ಚಕ್ರದಂಥ ಚಾಕುವಿನಿಂದ ಚೌಕ ಚೌಕವಾಗಿ ತುಂಡರಿಸಿ, ಮತ್ತೆ ಕೂಡಿಸಿ ಹೊಲಿಯುತ್ತಾರೆ. ಅಕ್ಕ ಮೊದಲ ಸಲ ನೋಡಿದಾಗ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಚಲೋ ಬಟ್ಟಿ ಕೊಯ್ದು ಚಿಂದಿ ಮಾಡಾಕತ್ಯಾರಲ್ಲಲೇ. ಚಿಂದಿ ಬೇಕಿದ್ರ ಹೇಳಬೇಕಿಲ್ಲೇನು, ಮೆಟ್ರಿಯಿಂದ ಒಂದು ಮೂಟಿ ತರ್ತಿದ್ದೆ."

ಇದನ್ನು ಸ್ವಲ್ಪ ಮೃದುವಾಗಿ ಅನುವಾದಿಸಿದೆ. ಶೆರಿಲ್ ನಕ್ಕು, ನಮ್ಮ ಮನೆಯಲ್ಲಿ ಹಳೆಯ ಬಟ್ಟೆಯೂ ಬೇಕಾದಷ್ಟಿದೆ, ಆದರೆ ಅದನ್ನು ಹೊಲಿಯಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ ಎಂದಳು. ಒಂದೊಂದು ಚೌಕವನ್ನೂ ಅವರು ಪಟ್ಟಿ ಹಿಡಿದು ಅಳೆಯುತ್ತಾರೆ. ಅಕ್ಕನ ಅಳತೆಯೆಲ್ಲ ಗೇಣಿನಲ್ಲಿ. ಅಕ್ಕನ ಹೊಲಿಗೆಯ ಸಾಲಿನ ಮೇಲೆ ಡಾರತಿ ತನ್ನ ಪಟ್ಟಿ ಇಟ್ಟು ನೋಡಿ, ಪಟ್ಟಿಯನ್ನು ಕಿಸೆಗೆ ಹಾಕಿಕೊಂಡಳು.

ಅಕ್ಕ ಮೇಜಿಗೆ ಕೂತು ಹೊಲಿಯಲು ಒಪ್ಪದೆ ನೆಲದ ಮೇಲೆ ಕೂತಳು. ಅವಳನ್ನು ನೋಡಿ ಬುಧವಾರ ಇಡೀ ಸಂಘಕ್ಕೆ ನೆಲದ ಮೇಲೆ ಕೂರುವ ಹುಮ್ಮಸ್ಸು ಬಂತು. ಒಬ್ಬರನ್ನೊಬ್ಬರು ಹಿಡಿದುಕೊಂಡು ಹನ್ನೆರಡು ಜನ ಹೇಗೋ ಕೂತರು. ಚಹಾದ ಗಂಟೆಯಾದಾಗ ಹನ್ನೆರಡರಲ್ಲಿ ಒಬ್ಬರಿಗೂ ಏಳಲು ಬರಲಿಲ್ಲ. ಒಬ್ಬಳು ಮಗ್ಗುಲಿಗೆ ಹೊರಳಿದಳು, ಇನ್ನೊಬ್ಬಳು ಕುರ್ಚಿಯ ಕಾಲು ಹಿಡಿದಳು, ಕುರ್ಚಿಯೂ ಬಿತ್ತು. ಎಲ್ಲರೂ ನಗುತ್ತಿದ್ದುದರಿಂದ ಯಾರ ಕೈಯಲ್ಲಿಯೂ ಬಲವಿರಲಿಲ್ಲ. ಎಪ್ಪತ್ತೆರಡರ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಎಬ್ಬಿಸಿದಳು. "ಏಳ್ರಿ, ಏಳ್ರಿ, ಚಾ ಆರತೈತಿ" ಎಂದು ಅವಳು ಹೇಳಿದ್ದು ಅವರಿಗೆ ಅನುವಾದವಿಲ್ಲದೆಯೇ ತಿಳಿಯಿತು. ನಾನು ಅಷ್ಟರಲ್ಲಿ ಚಹಾದ ಮೇಜಿನ ಬಳಿ ಒಬ್ಬನೇ ಇದ್ದೆ, ಎಂಟು ಶುಂಠಿ ಬಿಸ್ಕತ್ತು ಮುಗಿದಿದ್ದವು.

ಗುರುವಾರ, ಚಹಾದ ಹೊತ್ತು

ಮರುದಿನ ಚಹಾದ ಹೊತ್ತಿಗೆ ಡಾರತಿ ನನ್ನ ತಟ್ಟೆಯನ್ನು ಬಹಳ ಹೊತ್ತು ನೋಡುತ್ತಿದ್ದಳು. ಆಮೇಲೆ ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಒಂದು ಮಾತು ಕೇಳಬೇಕು ಎಂದಳು. ಹೊಟ್ಟೆ ತುಂಬಿಸದ ಹೊದಿಕೆಯ ಮೇಲೆ ಕೂಸು ಮಲಗಿದರೆ ನಿಜವಾಗಿ ಏನಾಗುತ್ತದೆ?

ಅಕ್ಕ ನನ್ನ ಕಡೆ ಬೆರಳು ಮಾಡಿದಳು. "ಹಿಂಗ ಆಗತೈತಿ" ಅಂದಳು.

ಇಪ್ಪತ್ತು ಜನ ನನ್ನ ಕಡೆ ತಿರುಗಿದರು. ಅವ್ವ ರೊಟ್ಟಿ ಇಡಲು ಮರೆತ ಕಥೆಯನ್ನು ಹೇಳದೆ ವಿಧಿಯಿರಲಿಲ್ಲ. ನಾನು ಎಷ್ಟು ತಿನ್ನುತ್ತೇನೆಂದು ಅವರಿಗೆ ಮೂರು ದಿನದಿಂದ ಗೊತ್ತಿದ್ದರಿಂದ ಯಾರೂ ನಗಲಿಲ್ಲ. ಒಬ್ಬಳಂತೂ ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದಳು. ಡಾರತಿ ಮಾತ್ರ ಹುಬ್ಬು ಗಂಟಿಕ್ಕಿ, ನಿಮ್ಮ ತಾಯಿ ಹೇಗೆ ಮರೆತರು, ಹೆತ್ತ ತಾಯಿ ಇಂಥದ್ದನ್ನು ಮರೆಯುತ್ತಾಳೆಯೇ ಎಂದು ಕೇಳಿದಳು.

ಇದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅಕ್ಕ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಅವ್ವ ಮರ್ತಿದ್ದಿಲ್ಲ" ಅಂದಳು.

ನಾನು ಕೇಕಿನ ತುಂಡು ಎತ್ತಿಕೊಂಡವನು ಅವಳ ಕಡೆ ತಿರುಗಿದೆ.

"ಅವ್ವ ಬಾಣಂತಿ ಇದ್ಲು. ಹೊಲಿಗಿ ಮುಗಿಸಂತ ಕೌದಿ ನನ್ನ ಕೈಯಾಗ ಕೊಟ್ಟಿದ್ಲು, ರೊಟ್ಟಿ ತುಂಡೂ ಕೊಟ್ಟಿದ್ಲು. ನನಗ ಆಗ ಹತ್ತು ವರ್ಷ. ಆವತ್ತು ಮನಿಯಾಗ ಇದ್ದಿದ್ದು ಅದೊಂದ ತುಂಡು. ನಾನು ಮೂಲಿಗೆ ಇಡ್ಲಿಲ್ಲ ಈರ್ಯಾ. ತಿಂದೆ. ತಿಂದು ಮೂಲಿ ಹೊಲದೆ. ಅವ್ವ ಮರ್ತಾಳಂತ ಎಲ್ಲಾರೂ ಅಂದ್ರು, ಅವ್ವನೂ ಹಂಗ ಅನ್ಕಂಡ್ಲು. ನಾನು ಬಾಯಿ ಬಿಡ್ಲಿಲ್ಲ."

ಡಾರತಿ, ಏನಂದರು ಎಂದು ಕೇಳಿದಳು.

ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವನಿಗೆ, ರೊಟ್ಟಿಯನ್ನು ಅವಳೇ ತಿಂದಳು ಎಂಬ ಮಾತು ಬಾಯಿಂದ ಹೊರಡಲಿಲ್ಲ. ನನ್ನ ಕೈಯಲ್ಲಿ ಕೇಕಿನ ತುಂಡು ಹಾಗೇ ಇತ್ತು. ನನ್ನ ಪಾಲಿನ ರೊಟ್ಟಿ ತಿಂದಳೆಂದು ಸಿಟ್ಟು ಬರಲಿಲ್ಲ. ಹತ್ತು ವರ್ಷದ ಹುಡುಗಿ ಅಷ್ಟು ಹಸಿದಿದ್ದಳು ಎಂಬುದಕ್ಕೆ ದುಃಖವಾಯಿತು. ಆಮೇಲೆ ಅರವತ್ತೆರಡು ವರ್ಷ ಅದನ್ನು ಒಬ್ಬಳೇ ಇಟ್ಟುಕೊಂಡಳಲ್ಲ ಎಂದು ಇನ್ನೂ ದುಃಖವಾಯಿತು. ನಲವತ್ತು ವರ್ಷದಿಂದ ಊರಿನ ಕೂಸುಗಳಿಗೆಲ್ಲ ಅವಳು ಯಾಕೆ ಕೌದಿ ಹೊಲಿಯುತ್ತಿದ್ದಾಳೆ, ಒಂದರ ಮೂಲೆಯನ್ನೂ ಯಾಕೆ ಇನ್ನೊಬ್ಬರ ಕೈಯಲ್ಲಿ ಹೊಲಿಸುವುದಿಲ್ಲ ಎಂಬುದು ಆ ಚಹಾದ ಮೇಜಿನ ಮುಂದೆ ನನಗೆ ಗೊತ್ತಾಯಿತು. ನೀರು ಕುಡಿದು, ಹೇಗೋ ಅನುವಾದ ಮಾಡಿದೆ.

ಡಾರತಿ ಕನ್ನಡಕ ತೆಗೆದು ಒರೆಸಿದಳು. ಚಹಾ ಮುಗಿಸುವ ಗಂಟೆಯ ಹೊತ್ತು ಮೀರಿತ್ತು, ಅವಳು ಬಾರಿಸಲಿಲ್ಲ. ಆಮೇಲೆ ವಾರ್ಡಿನಲ್ಲಿ ತಾನು ಕಂಡಿದ್ದನ್ನು ಹೇಳಿದಳು. ಎಳೆ ಕೂಸಿನ ಪಕ್ಕ ಕೂತ ತಾಯಂದಿರಿಗೆ ಯಾವಾಗಲೂ ಹಸಿವು. ಊಟದ ಹೊತ್ತಿಗೆ ಕೂಸು ಅಳುತ್ತದೆ, ಕೂಸು ಮಲಗಿದಾಗ ಊಟ ಆರಿರುತ್ತದೆ. ಹೊದಿಕೆಯ ಮೂಲೆಯಲ್ಲಿ ಹೊರಗಡೆಗೆ ಒಂದು ಕಿಸೆ ಹೊಲಿಯೋಣ. ಒಗೆದು ಒಣಗಿದ ಮೇಲೆ ಅದರಲ್ಲಿ ಕಾಗದ ಸುತ್ತಿದ ಒಂದು ಬಿಸ್ಕತ್ತು ಇಡೋಣ. ಕೂಸಿಗಲ್ಲ, ತಾಯಿಗೆ. ಇದು ಅಕ್ಕನಿಗೆ ಒಪ್ಪಿಗೆಯೇ?

ಅಕ್ಕ ಯೋಚಿಸಿದಳು. "ತಾಯಿ ತಿಂದ್ರ ಹಾಲಾಗತೈತಿ, ಹಾಲು ಕೂಸಿಗೆ ಹೋಗತೈತಿ. ನಡೀತೈತಿ" ಅಂದಳು. ಆಮೇಲೆ ನನ್ನ ಕಡೆ ನೋಡದೆ ಕೈ ಚಾಚಿದಳು. "ದಾರ ಏರ್ಸು."

ದಾರ ಏರಿಸಲು ನಾನು ನಾಲ್ಕು ಸಲ ಪ್ರಯತ್ನಿಸಬೇಕಾಯಿತು. ಹೊಸ ಕಣ್ಣು ಮಂಜಾಗಿದ್ದವು.

ಶುಕ್ರವಾರ, ಆಸ್ಪತ್ರೆ

ಕೌದಿಯನ್ನು ಎರಡು ಸಲ ಒಗೆದರು. ಸಂಡೂರಿನ ಕೆಂಪು ಅಲ್ಲಿಯ ಬಿಸಿನೀರಿಗೂ ಜಗ್ಗಲಿಲ್ಲ. ಕಿಸೆಯಲ್ಲಿ ಶುಂಠಿ ಬಿಸ್ಕತ್ತು ಇಟ್ಟು ಅಕ್ಕ ತಾನೇ ತೆಗೆದುಕೊಂಡು ಹೋದಳು. ಕೂಸು ಅಂಗೈಯಷ್ಟಿತ್ತು. ಅದರ ತಾಯಿ ಇಪ್ಪತ್ತರ ಹುಡುಗಿ, ಕೆಂಪು ಕೂದಲಿನವಳು. ಕೌದಿಯನ್ನು ಸವರಿ ನೋಡಿ, ಕಿಸೆಗೆ ಕೈಹಾಕಿ, ಬಿಸ್ಕತ್ತನ್ನು ನಮ್ಮೆದುರೇ ಎರಡು ತುತ್ತಿಗೆ ಮುಗಿಸಿ, ಇನ್ನೊಂದು ಇದೆಯೇ ಎಂದು ಕೇಳಿದಳು. ಡಾರತಿ ತನ್ನ ಕೋಟಿನ ಕಿಸೆಯಿಂದ ಇನ್ನೊಂದು ತೆಗೆದು ಕೊಟ್ಟಳು. ಕೂಸನ್ನು ಕೌದಿಯ ಮೇಲೆ ಮಲಗಿಸಿದಾಗ ಫೋಟೋ ಹೊಡೆದೆ. ಅದರಲ್ಲಿ ಕೂಸು, ಕೌದಿ, ಅಕ್ಕನ ಅರ್ಧ ಮುಖ, ಮತ್ತು ಬಾಯಿ ತುಂಬಿದ ತಾಯಿ ಬಂದಿದ್ದಾರೆ.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಡಾರತಿ ನನ್ನ ಕೈಗೆ ಒಂದು ಕಟ್ಟು ಕೊಟ್ಟಳು. ಮನೆಗೆ ಹೋಗುವವರೆಗೆ ಬಿಚ್ಚಕೂಡದು ಎಂದು ನರ್ಸಿನ ದನಿಯಲ್ಲಿ ಅಪ್ಪಣೆ ಮಾಡಿದಳು. ಮೆತ್ತಗಿತ್ತು. ಒತ್ತಿ ನೋಡಿದೆ. ಒಂದು ಕಡೆ ಕರುಂ ಎಂದಿತು.

ಬೆಂಗಳೂರಿನಲ್ಲಿ ಇಳಿದಾಗ ಪಾಠ ಕಲಿತಿದ್ದ ನಾನು ನೇರವಾಗಿ ಅಧಿಕಾರಿಯ ಬಳಿ ಹೋಗಿ, ನನ್ನ ಹೊದಿಕೆಯೊಳಗೆ ತಿಂಡಿಯಿದೆ ಎಂದು ಒಪ್ಪಿಕೊಂಡೆ. ಅವನು ನನ್ನನ್ನೂ ಅಕ್ಕನನ್ನೂ ನೋಡಿ, "ಹೋಗಿ ಸಾರ್, ಹಿಂದೆ ಜನ ಇದಾರೆ" ಎಂದ.

ಮತ್ತೆ ಕಂಪ್ಲಿ

ರೈಲಿಳಿದು ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸಿನಲ್ಲಿ ಬಂದೆವು. ಇಳಿಯುವಾಗ ಅಭ್ಯಾಸಬಲದಿಂದ ಡ್ರೈವರಿಗೆ ಧನ್ಯವಾದ ಹೇಳಿದೆ. ಅವನು ಗಾಬರಿಯಾಗಿ, "ಯಾಕ್ರೀ, ಏನಾತು?" ಎಂದು ಕೇಳಿದ.

ಫೋಟೋ ನೋಡಿದ ಒಂಬತ್ತು ಜನರೂ ಕೂಸನ್ನು ಬಿಟ್ಟು ತಮ್ಮ ತಮ್ಮ ತುಂಡು ಎಲ್ಲಿದೆ ಎಂದು ಹುಡುಕಿದರು. ಕೂಸಿನ ತಲೆ ಯಾರ ಸೀರೆಯ ಮೇಲಿದೆ ಎಂಬುದರ ಮೇಲೆ ಎಮ್ಮಿಗನೂರಿಗೂ ಮೆಟ್ರಿಗೂ ಇನ್ನೂ ತಕರಾರು ನಡೆದಿದೆ.

ಕಟ್ಟು ಬಿಚ್ಚಿದೆ. ಒಳಗೆ ನನ್ನಳತೆಯ ಒಂದು ಹೊದಿಕೆಯಿತ್ತು. ಅದರಲ್ಲಿ ಒಂದೂ ಹೊಸ ಬಟ್ಟೆಯಿರಲಿಲ್ಲ. ಶೆರಿಲ್ ನಮ್ಮ ಪಡಸಾಲೆಗೆ ಬಂದಾಗ ಹಾಕಿಕೊಂಡಿದ್ದ ಹೂವಿನ ಅಂಗಿ ಗುರುತು ಸಿಕ್ಕಿತು, ಅಡಿಗೆಯ ಏಪ್ರನ್ನುಗಳ ತುಂಡುಗಳಿದ್ದವು. ನಡುವೆ ಒಂದು ಬಿಳಿಯ ತುಂಡು, ಡಾರತಿಯ ಹಳೆಯ ನರ್ಸ್ ಅಂಗಿಯದು. ನಾಲ್ಕನೆಯ ಮೂಲೆಯಲ್ಲಿ ಕಿಸೆಯಿರಲಿಲ್ಲ. ಡಾರತಿ ತಿಂಡಿಯನ್ನು ಒಳಗೆ ಇಟ್ಟು, ಹೊಲಿದು ಮುಚ್ಚಿದ್ದಳು, ನಮ್ಮ ಪದ್ಧತಿಯಲ್ಲಿಯೇ. ಅಷ್ಟು ಕಟ್ಟುನಿಟ್ಟಿನ ಸಂಘದ ಅಧ್ಯಕ್ಷೆ ಹೊದಿಕೆಯೊಳಗೆ ತಿಂಡಿ ಹೊಲಿದಳೆಂದು ಹೊರಗೆ ಗೊತ್ತಾಗಬಾರದಂತೆ. ಅದಕ್ಕೇ ಊರಿನ ಹೆಸರು ಬರೆದಿಲ್ಲ.

ಹೆಂಡತಿ ಇನ್ನೂ ಹೊಸಪೇಟೆಯಲ್ಲಿದ್ದುದರಿಂದ ನನ್ನ ಊಟ, ಮಧ್ಯಾಹ್ನದ ನಿದ್ದೆ ಎರಡೂ ಅಕ್ಕನ ಮನೆಯಲ್ಲಿ. ಆ ಹೊದಿಕೆಯನ್ನೂ ಅಲ್ಲಿಯ ಮಂಚಕ್ಕೇ ಹಾಸಿದ್ದೆ. ಮೂರನೆಯ ದಿನ ಮಧ್ಯಾಹ್ನ ನೋಡಿದರೆ, ಕಿಟಕಿಯಿಂದ ಮಂಚದವರೆಗೆ ಇರುವೆಗಳ ಸಾಲು. ನೆಲ ದಾಟಿ, ಮಂಚದ ಕಾಲು ಹತ್ತಿ, ಡಾರತಿಯ ಬಿಳಿ ತುಂಡಿನ ಮೇಲೆ ಹಾದು, ನೇರವಾಗಿ ನಾಲ್ಕನೆಯ ಮೂಲೆಗೆ ಹೋಗುತ್ತಿದ್ದವು. ಜೋಳದ ರೊಟ್ಟಿಗೆ ಇರುವೆ ಬರುವುದಿಲ್ಲ, ಬಿಸ್ಕತ್ತಿಗೆ ಬರುತ್ತವೆ. ನಾನು ಕಸಬರಿಗೆ ಎತ್ತಿಕೊಂಡೆ.

"ಮುಟ್ಟಬ್ಯಾಡಲೇ" ಅಂದಳು ಅಕ್ಕ.

ಮಂಚದ ಅಂಚಿಗೆ ಕೂತು, ಆ ಸಾಲನ್ನು ಬಹಳ ಹೊತ್ತು ನೋಡಿದಳು. ಮೂಲೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದಳು. "ಡಾರತೆವ್ವ ಖರೇನ ಇಟ್ಟಾಳ" ಅಂದಳು. "ನಿನ್ನ ಹೊಟ್ಟಿ ತುಂಬ್ತು ಈರ್ಯಾ."

ಆಮೇಲೆ ಊಟಕ್ಕೆ ಬಡಿಸಿದಳು. ಎರಡು ರೊಟ್ಟಿ, ಎಣ್ಣೆಗಾಯಿ, ಮೊಸರು. ಮೂರನೆಯ ರೊಟ್ಟಿಯನ್ನು ಎಂದೂ ಕೇಳದೆಯೇ ಹಾಕುವವಳು ಆ ದಿನ ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತ ಕೂತಳು. ನಾನು ಬೇಕು ಎನ್ನುತ್ತೇನೋ ಬೇಡ ಎನ್ನುತ್ತೇನೋ ಎಂದು ಅವಳು ಕಾಯುತ್ತಿದ್ದುದು ನನಗೆ ಕಾಣುತ್ತಿತ್ತು.

"ಸಾಕಕ್ಕ, ಹೊಟ್ಟಿ ತುಂಬೇತಿ. ಅದನ್ನ ನೀನ ತಿನ್ನು" ಅಂದೆ.

ಅಕ್ಕ ರೊಟ್ಟಿಯನ್ನು ಮುರಿದು, ಎಣ್ಣೆಗಾಯಿಯ ರಸಕ್ಕೆ ಅದ್ದಿ, ನಿಧಾನವಾಗಿ ಪೂರ್ತಿ ತಿಂದಳು. ನನಗೆ ಇನ್ನೂ ಒಂದು ರೊಟ್ಟಿಯಷ್ಟು ಹಸಿವಿತ್ತು. ಹೇಳಲಿಲ್ಲ.